ಸೋಡಾ ಸಿಲಿಂಡರಿಗೆ ಮೀಟರ್ ಅಲ್ಲ, ತಕ್ಕಡಿ

ಹುಲಗೂರಿನ ಉರುಸಿನಲ್ಲಿ ಗೋಲಿಸೋಡಾ ಅಂಗಡಿ ಹಾಕ್ತೀವಿ ಅನ್ನೋ ಗೆಳೆಯರೆಲ್ಲ ಮೊದಲು ಕೇಳೋದು ದೊಡ್ಡ ಸಿಲಿಂಡರನ್ನೇ. ನಡುರಾತ್ರಿ ಗ್ಯಾಸ್ ಮುಗಿದರೆ ಅನ್ನೋ ಭಯ. ಆದರೆ ಇದು ಭಯದ ಮಾತಲ್ಲ, ಲೆಕ್ಕದ ಮಾತು ಅಂತೀವಿ ನಾವು.

ಖಡಕ್ ಸೋಡಾಕ್ಕೆ ಲೀಟರಿಗೆ ಸುಮಾರು 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬೇಕು. 200 ಎಂಎಲ್ ಬಾಟಲಿಗೆ 1.6 ಗ್ರಾಂ. ತುಂಬುವಾಗ ಹಾರಿಹೋಗೋದು ಸೇರಿ 3 ಗ್ರಾಂ ಅಂತ ಹಿಡಿದರೂ ಸಾವಿರ ಬಾಟಲಿಗೆ 3 ಕೆಜಿ. ಅಷ್ಟಕ್ಕೆ 30 ಕೆಜಿಯ ಸಿಲಿಂಡರ್ ತಂದರೆ ಗ್ಯಾಸಿಗಿಂತ ಕಬ್ಬಿಣ ಹೊತ್ತಿದ್ದೇ ಹೆಚ್ಚು. 5 ಕೆಜಿಯದು ಧಾರಾಳ ಆತು.

ಭಯ ಹುಟ್ಟಿಸೋದು ಮೀಟರು. ಒಳಗಿರೋದು ದ್ರವ, 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್, ಅರ್ಧ ಖಾಲಿಯಾದರೂ ಅಷ್ಟೇ. ದ್ರವವೆಲ್ಲ ಮುಗಿದ ಮೇಲೇನೇ ಮುಳ್ಳು ಇಳಿಯೋದು. ಥರ್ಮೋಡೈನಾಮಿಕ್ಸ್ ಪೇಪರಿನಲ್ಲಿ ಇದನ್ನೇ ಬರೆದು ಪಾಸಾದವರೂ ಅಂಗಡಿಯಲ್ಲಿ ಮೀಟರನ್ನೇ ನೋಡ್ತಾ ಕೂಡ್ತಾರ! ತೂಗಿ ನೋಡ್ರಿ, ಸಿಲಿಂಡರಿನ ಮೇಲೆ ಕೆತ್ತಿರೋ ಖಾಲಿ ತೂಕ ಕಳೀರಿ.

ಉಳಿದ ದುಡ್ಡು ಐಸಿಗೆ ಹಾಕ್ರಿ. ಒಂದೇ ಒತ್ತಡದಲ್ಲಿ, 25 ಡಿಗ್ರಿ ನೀರಿಗಿಂತ 0 ಡಿಗ್ರಿಯ ನೀರು ಎರಡು ಪಟ್ಟಿಗೂ ಹೆಚ್ಚು ಗ್ಯಾಸ್ ಕುಡೀತದ. ಸಿಲಿಂಡರನ್ನ ಮಾತ್ರ ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಕಟ್ರಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗತದ.