ಆಸ್ಪತ್ರೆ ಬಿಲ್ಲನ್ನು ಊರೇ ಕಟ್ಟಲಿ, ಮೊದಲೇ ಕಟ್ಟಲಿ

ಕೋಡಿಂಬಾಳ, ಕಡಬ ಆಸುಪಾಸಿನ ಬಂಧುಗಳೇ,

ಪೇಟೆಯ ಅಂಗಡಿಗಳ ಮೇಜಿನ ಮೇಲೆ ಆಗಾಗ ಒಂದು ಪ್ಲಾಸ್ಟಿಕ್ ಡಬ್ಬಿ ಬಂದು ಕೂರುತ್ತದೆ. ಅದಕ್ಕೆ ಅಂಟಿಸಿದ ಫೋಟೋದಲ್ಲಿ ಮೂಗಿಗೆ ನಳಿಗೆ ಹಾಕಿದ ಒಂದು ಮಗು. ಕೆಳಗೆ ಅಪ್ಪನ ಬ್ಯಾಂಕ್ ಖಾತೆ ನಂಬರ್, ಆಸ್ಪತ್ರೆಯವರು ಹೇಳಿದ ಖರ್ಚು. ನೋಡಿದವರು ಹತ್ತೋ ಇಪ್ಪತ್ತೋ ಹಾಕಿಯೇ ಹೋಗುತ್ತಾರೆ. ರಿಕ್ಷಾದವರು ಒಂದು ದಿನದ ದುಡಿಮೆ ಕೊಡುತ್ತಾರೆ, ಅಷ್ಟಮಿಗೆ ವೇಷ ಹಾಕಿದ ಹುಡುಗರು ಸಿಕ್ಕಿದ್ದನ್ನೆಲ್ಲ ಆ ಮನೆಗೆ ಮುಟ್ಟಿಸುತ್ತಾರೆ. ಚಿಕಿತ್ಸೆಯ ಖರ್ಚು ಸಮಾಜದ್ದೋ ಅವರವರದ್ದೋ ಎಂದು ಎಲ್ಲೆಲ್ಲೋ ಚರ್ಚೆ ನಡೆಯುತ್ತದೆ. ನಮ್ಮ ಊರಿನವರು ಕಿಸೆಗೆ ಕೈ ಹಾಕಿ ಇದಕ್ಕೆ ಉತ್ತರ ಕೊಟ್ಟಾಗಿದೆ.

ಆದರೆ ಡಬ್ಬಿ ಬರುವುದು ಯಾವಾಗ? ಹೆಂಡತಿಯ ಚಿನ್ನ ಅಡವು ಬಿದ್ದ ಮೇಲೆ, ದನ ಮಾರಿದ ಮೇಲೆ, ಸೊಸೈಟಿಯಲ್ಲಿ ಇನ್ನು ಸಾಲ ಹುಟ್ಟದು ಎಂದಾದ ಮೇಲೆ. ಅದೂ ಎಲ್ಲರಿಗೂ ಬರುವುದಿಲ್ಲ. ಮಗುವಿನ ಮುಖಕ್ಕೆ ಬರುತ್ತದೆ, ನಾಲ್ಕು ಜನರ ಗುರ್ತ ಇದ್ದವನಿಗೆ ಬರುತ್ತದೆ. ಹರೆಯದಿಂದ ಬೀಡಿ ಕಟ್ಟಿ ದಮ್ಮು ಹಿಡಿದು ಕುಳಿತ ಅಜ್ಜಿಯ ಫೋಟೋ ಇರುವ ಡಬ್ಬಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕೈ ಚಾಚಲು ನಾಚಿ ಮಾತ್ರೆ ನಿಲ್ಲಿಸಿದವರು ಎಷ್ಟು ಮನೆಗಳಲ್ಲಿ ಇದ್ದಾರೋ. ಹಾಗಾಗಿ ನಾವು ಹೇಳುವುದು ಇಷ್ಟು: ಊರಿನ ಹಣದಿಂದಲೇ ಚಿಕಿತ್ಸೆ ಆಗಲಿ, ಆದರೆ ಆ ಹಣ ಕಾಯಿಲೆ ಬರುವ ಮೊದಲೇ ತೆರಿಗೆಯಾಗಿ, ವಂತಿಗೆಯಾಗಿ ಒಟ್ಟಾಗಿರಲಿ. ರೋಗಿಗೆ ಅದು ಯಾರದೋ ದಯೆಯಿಂದ ಬರುವುದು ಬೇಡ, ಹಕ್ಕಾಗಿ ಬರಲಿ.

"ಅವರವರ ಆರೋಗ್ಯ ಅವರವರ ಜವಾಬ್ದಾರಿ" ಎನ್ನುವವರು ಒಮ್ಮೆ ನಮ್ಮ ತಾಲೂಕಿನ ಕೊಯ್ಲಕ್ಕೆ, ಹಾಗೇ ನೆರೆಯ ಕೊಕ್ಕಡಕ್ಕೆ ಹೋಗಿ ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರಗಳನ್ನು ನೋಡಿ ಬರಲಿ. ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಸುಮಾರು 20 ವರ್ಷ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿಯಿತು. ನಿಗಮ ಸರ್ಕಾರದ್ದು, ತೋಟ ಸರ್ಕಾರದ್ದು. ಬಾವಿ ಮಾತ್ರ ಜನರದ್ದು. ರಾಜ್ಯದಲ್ಲಿಯೂ ಸುಪ್ರೀಂ ಕೋರ್ಟಿನಿಂದಲೂ ನಿಷೇಧ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಕುತ್ತಿಗೆ ನಿಲ್ಲದ, ಮಾತು ಬಾರದ ಮಕ್ಕಳು ಹರೆಯಕ್ಕೆ ಬಂದಿದ್ದರು. ಅವರನ್ನು ಎತ್ತಿ ಮೀಯಿಸುವ ತಾಯಂದಿರಿಗೆ ವಯಸ್ಸಾಗಿತ್ತು. ಮಾಸಾಶನಕ್ಕೂ ಪಾಲನಾ ಕೇಂದ್ರಕ್ಕೂ ಅವರು ಬೀದಿಗಿಳಿಯಬೇಕಾಯಿತು, ಹೈಕೋರ್ಟಿನವರೆಗೂ ಹೋಗಬೇಕಾಯಿತು. ಇದರಲ್ಲಿ ಯಾವ ತಾಯಿಯ ಜವಾಬ್ದಾರಿ ಎಷ್ಟು ಪಾಲು, ಹೇಳಿ ನೋಡೋಣ.

ಅಷ್ಟು ದೊಡ್ಡ ದುರಂತವೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಪಾಚಿ ಹಿಡಿದ ಮರ ಹತ್ತಿದವನು ಜಾರಿ ಬೀಳುತ್ತಾನೆ. ಆ ಅಡಿಕೆಯಿಂದ ತೋಟದವರಿಗೆ ಲಾಭ, ವ್ಯಾಪಾರಿಗೆ ಲಾಭ, ಲಾರಿಯವರಿಗೆ ಬಾಡಿಗೆ, ಸರ್ಕಾರಕ್ಕೆ ತೆರಿಗೆ. ಮುರಿದ ಬೆನ್ನುಮೂಳೆ ಮಾತ್ರ ಅವನೊಬ್ಬನದು ಎನ್ನುವುದು ಯಾವ ನ್ಯಾಯ? ನಸುಕಿನಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗಿ ಹಾವು ಕಡಿಸಿಕೊಂಡವನ ಮಾತೂ ಅಷ್ಟೇ.

ಒಟ್ಟಿಗೆ ಕಟ್ಟುವ ದಾರಿಯನ್ನು ನಮ್ಮ ರಾಜ್ಯದ ರೈತರು ಆಗಲೇ ತೋರಿಸಿದ್ದಾರೆ. 2003ರಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ಸಹಕಾರ ಸಂಘದ ಸದಸ್ಯನ ವಂತಿಗೆ ತಿಂಗಳಿಗೆ 5 ರೂಪಾಯಿ. ಅದರ ಹಿಂದೆ ನಿಂತವರಲ್ಲಿ ಒಬ್ಬರು ನಮ್ಮದೇ ಜಿಲ್ಲೆಯ ಕಿನ್ನಿಗೋಳಿಯ ಹೃದಯ ತಜ್ಞ ಡಾ. ದೇವಿ ಶೆಟ್ಟಿ. ಹೃದಯದ ಆಪರೇಷನ್ ಅದರಲ್ಲಿತ್ತು. ಹಾವು ಕಡಿತ, ಗೂಳಿ ತಿವಿತ, ಕೃಷಿ ಯಂತ್ರದ ಗಾಯಗಳೂ ಇದ್ದವು. ರೈತನ ಮನೆ ಕಂಡವರು ಬರೆದ ಪಟ್ಟಿ ಅದು. 2018ರಲ್ಲಿ ಯೋಜನೆಯನ್ನು ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದರು. ರೈತರ ಒತ್ತಾಯಕ್ಕೆ 2023ರ ಜನವರಿಯಿಂದ ಮತ್ತೆ ಜಾರಿಯಾಯಿತು. ಆಗ ನಿಗದಿಯಾದಂತೆ ಗ್ರಾಮೀಣ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ಹಣ ಕಟ್ಟಿ ಆರೋಗ್ಯವಾಗಿಯೇ ಉಳಿದವರಿಗೆ ನಷ್ಟ ಆಯಿತೆಂದು ನಮಗೆ ಅನಿಸುವುದಿಲ್ಲ.

ಆದರೆ ಕಾರ್ಡ್ ಇದ್ದರೆ ಎಲ್ಲ ಆಯಿತು ಎಂದು ನಂಬಬೇಡಿ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಖರ್ಚಿನ 30 ಶೇಕಡಾ, ಅದೂ ಒಂದೂವರೆ ಲಕ್ಷದೊಳಗೆ. ಎರಡೂ ಮುಖ್ಯವಾಗಿ ದಾಖಲಾದ ರೋಗಿಗೆ. ದಿನಾ ನುಂಗುವ ಶುಗರ್, ಬಿಪಿ ಮಾತ್ರೆಗೆ, ದಾಖಲಾಗದೆ ಮಾಡಿಸುವ ಸ್ಕ್ಯಾನಿಂಗಿಗೆ, ಮಂಗಳೂರಿನವರೆಗಿನ ಬಾಡಿಗೆಗೆ ಈ ಕಾರ್ಡ್ ಒದಗದು. ಸರ್ಕಾರದ್ದೇ ಲೆಕ್ಕದಂತೆ ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನರ ಕಿಸೆಯಿಂದ ಹೋಗುವ ಪಾಲು 2013–14ರಲ್ಲಿ 64 ಶೇಕಡಾ ಇತ್ತು, 2021–22ರಲ್ಲಿ 39ಕ್ಕೆ ಇಳಿದಿತ್ತು. ಒಳ್ಳೆಯದೇ. ಆದರೆ 2025ರೊಳಗೆ ಜಿಡಿಪಿಯ 2.5 ಶೇಕಡಾ ಆರೋಗ್ಯಕ್ಕೆ ಕೊಡುತ್ತೇವೆಂದು 2017ರ ರಾಷ್ಟ್ರೀಯ ನೀತಿಯಲ್ಲಿ ಬರೆದುಕೊಟ್ಟವರು 2021–22ರಲ್ಲಿ ಕೊಟ್ಟದ್ದು 1.84 ಮಾತ್ರ.

ಕುಡಿದು ಲಿವರ್ ಹಾಳು ಮಾಡಿಕೊಂಡವನಿಗೆ ನಮ್ಮ ತೆರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಅವನು ಕುಡಿದ ಪ್ರತಿ ಬಾಟ್ಲಿಯ ಅಬಕಾರಿ ಸುಂಕ ಬೊಕ್ಕಸ ಸೇರಿದೆ. ತೆರಿಗೆ ಕಟ್ಟುವವರು ಕೆಲವೇ ಜನ ಎನ್ನುವುದೂ ತಪ್ಪು; ಸಾಬೂನು ಕೊಂಡ ಕೂಲಿಯವಳೂ ಜಿಎಸ್‌ಟಿ ಕಟ್ಟಿದ್ದಾಳೆ. ಸರ್ಕಾರದ ಹತ್ತಿರ ಹಣವಿಲ್ಲ ಎಂಬ ಮಾತಿಗೆ ಸುಪ್ರೀಂ ಕೋರ್ಟ್ 1996ರಲ್ಲೇ ಉತ್ತರ ಕೊಟ್ಟಿದೆ. ರೈಲಿನಿಂದ ಬಿದ್ದು ತಲೆಗೆ ಏಟಾದ ಪಶ್ಚಿಮ ಬಂಗಾಳದ ಒಬ್ಬ ಕೃಷಿ ಕಾರ್ಮಿಕನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹೊರಗೆ ಕಳುಹಿಸಿದ್ದವು. ತುರ್ತು ಚಿಕಿತ್ಸೆ ಜೀವಿಸುವ ಹಕ್ಕಿನೊಳಗೇ ಬರುತ್ತದೆ, ಹಣಕಾಸಿನ ನೆಪ ಹೇಳುವಂತಿಲ್ಲ ಎಂದು ಕೋರ್ಟ್ ತೀರ್ಪು ಕೊಟ್ಟಿತು.

ಆ ಹಕ್ಕು ನಮ್ಮೂರಲ್ಲಿ ಎಷ್ಟು ಸಿಗುತ್ತಿದೆ ಎಂದು ಕಡಬದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಮುಂದಿನ ಸಲ ಹೋದಾಗ ವಿಚಾರಿಸಿ. ಇಂಥ ಕೇಂದ್ರದಲ್ಲಿ 30 ಹಾಸಿಗೆ ಇರಬೇಕು; ಸರ್ಜನ್, ಫಿಜಿಶಿಯನ್, ಹೆರಿಗೆ ಮತ್ತು ಮಕ್ಕಳ ತಜ್ಞರು, ಅರಿವಳಿಕೆ ವೈದ್ಯರು ಇರಬೇಕು. ಇದು ಸರ್ಕಾರವೇ ಇಟ್ಟ ಮಾನದಂಡ. ಯಾವ ಹುದ್ದೆ ಭರ್ತಿ, ಯಾವುದು ಖಾಲಿ, ಹಾವಿನ ವಿಷದ ಇಂಜೆಕ್ಷನ್ ಇವತ್ತು ದಾಸ್ತಾನಿದೆಯೇ, ಬರೆದುಕೊಳ್ಳಿ. ಅದನ್ನೇ ಅರ್ಜಿ ಮಾಡಿ ಸುಳ್ಯದ ಶಾಸಕರಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಕೊಡಿ, ಸ್ವೀಕೃತಿ ಪಡೆಯಿರಿ. ಪಟ್ಟಣ ಪಂಚಾಯತ್ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಸೊಸೈಟಿಯಲ್ಲಿ ಯಶಸ್ವಿನಿ ನೋಂದಣಿ ಯಾವಾಗ ಎಂದು ಕೇಳಿ, ಬೀಡಿ ಬ್ರಾಂಚಿನಲ್ಲೂ ಹಾಲಿನ ಡಿಪೋದಲ್ಲೂ ನಾಲ್ಕು ಜನರಿಗೆ ತಿಳಿಸಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.

ಕೋಡಿಂಬಾಳದ ಕೆಲವು ಕೃಷಿಕರು ಮತ್ತು ಕೂಲಿ ಕೆಲಸದವರು