ಚಿತ್ರಕಥೆಗೂ ಪ್ರೌಢತೆಯುಂಟು

ಚಿತ್ರಕಥೆಯೆಂದರೆ ಮಕ್ಕಳು ಹೊತ್ತು ಕಳೆಯುವ ಸಾಧನವೆಂದು ಭಾವಿಸುವವರು ನಮ್ಮಲ್ಲಿ ಅನೇಕರು. ವಿದ್ಯಾರ್ಥಿಯ ಕೈಯಲ್ಲಿ ಅಂಥ ಪುಸ್ತಕವನ್ನು ಕಂಡರೆ ಹಿರಿಯರು ಹುಬ್ಬು ಗಂಟಿಕ್ಕುವುದೂ ಉಂಟು. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸಲು ಫ್ರಾನ್ಸಿನ ‘ಮೆಟಾಲ್ ಉರ್ಲಾಂ’ ಎಂಬ ಪತ್ರಿಕೆಯ ಚರಿತ್ರೆ ನಮಗೆ ನೆರವಾಗುತ್ತದೆ. ‘ಅರಚುವ ಲೋಹ’ ಎಂಬುದು ಆ ಹೆಸರಿನ ಅರ್ಥ.

1974ರ ಡಿಸೆಂಬರಿನಲ್ಲಿ ಚಿತ್ರಕಾರರಾದ ಝಾಂ ಜಿರೋ ಮತ್ತು ಫಿಲಿಪ್ ದ್ರುಯ್ಯೆ, ಲೇಖಕ ಝಾಂ-ಪಿಯೇರ್ ದಿಯೊನೆ, ಹಣಕಾಸಿನ ಹೊಣೆ ಹೊತ್ತ ಬರ್ನಾರ್ ಫರ್ಕಾಸ್ ಎಂಬ ನಾಲ್ವರು ಕೂಡಿ ಪ್ರಕಾಶನ ಸಂಸ್ಥೆಯೊಂದನ್ನು ಕಟ್ಟಿದರು. 1975ರ ಆರಂಭದಲ್ಲಿ ಹೊರಬಂದ ಪತ್ರಿಕೆ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತಿದ್ದಿತು. 68 ಪುಟಗಳಲ್ಲಿ ಬಣ್ಣದ ಪುಟಗಳು 16 ಮಾತ್ರ. ಮುಂದೆ ಅದು ಮಾಸಪತ್ರಿಕೆಯಾಯಿತು. 1977ರಲ್ಲಿ ಅದರ ಅಮೆರಿಕನ್ ಆವೃತ್ತಿ ‘ಹೆವಿ ಮೆಟಲ್’ ಎಂಬ ಹೆಸರಿನಲ್ಲಿ ಹೊರಟಿತು.

ಜಿರೋ ಇಲ್ಲಿ ಬಳಸಿದ ಅಂಕಿತ ‘ಮೋಬಿಯಸ್’. ಒಂದೇ ಮೈಯುಳ್ಳ ಪಟ್ಟಿಯಿಂದ ಪ್ರಸಿದ್ಧನಾದ ಗಣಿತಜ್ಞನ ಹೆಸರದು. ಆತನ ‘ಅರ್ಜಾಕ್’ ಕಥೆಗಳಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಚಿತ್ರದಿಂದ ಚಿತ್ರಕ್ಕೆ ಅರ್ಥವನ್ನು ಓದುಗನೇ ಕಟ್ಟಿಕೊಳ್ಳಬೇಕು. ಡ್ಯಾನ್ ಒಬ್ಯಾನನ್ ಬರೆದು ಮೋಬಿಯಸ್ ಚಿತ್ರಿಸಿದ ‘ದಿ ಲಾಂಗ್ ಟುಮಾರೊ’ 1976ರಲ್ಲಿ ಅಚ್ಚಾಯಿತು. ಅಂತಸ್ತಿನ ಕೆಳಗೆ ಅಂತಸ್ತಾಗಿ ಆಳಕ್ಕಿಳಿಯುವ ನಗರವೊಂದು ಅದರಲ್ಲಿದೆ. ಹಾರುವ ವಾಹನಗಳಿರುವ ಆ ನಗರದಲ್ಲಿ ಕೊಳಕೂ ಉಂಟು, ಕೊಲೆಯೂ ಉಂಟು. 1982ರ ‘ಬ್ಲೇಡ್ ರನ್ನರ್’ ಚಲನಚಿತ್ರದ ನಿರ್ದೇಶಕ ರಿಡ್ಲಿ ಸ್ಕಾಟ್ ಈ ಚಿತ್ರಗಳಿಗೆ ತಾನು ಋಣಿಯೆಂದು ಒಪ್ಪಿಕೊಂಡಿದ್ದಾನೆ. ಯಂತ್ರ ಮುಂದುವರಿದರೆ ಬಾಳೂ ತಾನಾಗಿಯೇ ಮುಂದುವರಿಯುವುದೆ? ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕಾದ ಈ ಪ್ರಶ್ನೆಯನ್ನು ಆ ನಗರ ಕಣ್ಣಿಗೆ ಕಟ್ಟುವಂತೆ ಕೇಳಿತು. ಪ್ರೌಢತೆಯೆಂದು ನಾವು ಕರೆಯುವುದು ಇದನ್ನು.

ಆ ಪತ್ರಿಕೆಯ ಎಲ್ಲ ಪುಟಗಳನ್ನೂ ನಾವು ಸಮರ್ಥಿಸುತ್ತಿಲ್ಲ. ಅನಾವಶ್ಯಕವಾದ ನಗ್ನತೆ, ಹಿಂಸೆಗಳು ಅಲ್ಲಿ ಧಾರಾಳವಾಗಿದ್ದುವು. ವಯಸ್ಕರ ಪತ್ರಿಕೆಯೆಂದರೆ ನಿಷಿದ್ಧವಾದುದನ್ನು ತೋರಿಸುವ ಪತ್ರಿಕೆಯೆಂದು ಕೆಲವು ಚಿತ್ರಕಾರರೂ ತಿಳಿದಂತಿದ್ದಿತು. ಹೊರಗಿನಿಂದ ನೋಡಿದ ಅಧಿಕಾರಿಗಳ ತಿಳಿವಳಿಕೆಯೂ ಇದಕ್ಕಿಂತ ಬೇರೆಯಲ್ಲ. ಅದೇ ಸಂಸ್ಥೆ 1976ರಲ್ಲಿ ಮಹಿಳೆಯರೇ ನಡೆಸುವ ‘ಆ! ನಾನಾ’ ಎಂಬ ಚಿತ್ರಕಥಾಪತ್ರಿಕೆಯನ್ನು ಆರಂಭಿಸಿತು. ಮಕ್ಕಳ ರಕ್ಷಣೆಗಾಗಿ 1949ರಲ್ಲಿ ಮಾಡಿದ ಕಾನೂನಿನ ಮೇರೆಗೆ ಕಿರಿಯರಿಗೆ ಅದರ ಮಾರಾಟ ನಿಷಿದ್ಧವಾಯಿತು. ಒಂಬತ್ತು ಸಂಚಿಕೆಗಳಾದ ಮೇಲೆ 1978ರಲ್ಲಿ ಪತ್ರಿಕೆ ನಿಂತುಹೋಯಿತು. ಮಕ್ಕಳನ್ನು ಕಾಪಾಡುವುದು ನ್ಯಾಯವೇ. ಆದರೆ ಆ ನೆಪದಲ್ಲಿ ಹಿರಿಯರ ಆಲೋಚನೆಯ ಬಾಗಿಲನ್ನೂ ಮುಚ್ಚುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

‘ಮೆಟಾಲ್ ಉರ್ಲಾಂ’ 1987ರಲ್ಲಿ ನಿಂತಿತು. 2002ರಲ್ಲೊಮ್ಮೆ, 2021ರಲ್ಲಿ ಮತ್ತೊಮ್ಮೆ ಮರುಹುಟ್ಟು ಪಡೆಯಿತು. ಅದರ ಚರಿತ್ರೆಯಿಂದ ನಾವು ಕಲಿಯಬೇಕಾದುದಿಷ್ಟೆ: ಚಿತ್ರಗಳಿವೆಯೆಂದು ಪುಸ್ತಕವನ್ನು ಹಗುರವಾಗಿ ಕಾಣುವುದೂ ಬೇಡ, ವಯಸ್ಕರಿಗೆಂದು ಬರೆದಿದೆಯೆಂದ ಮಾತ್ರಕ್ಕೆ ಗಹನವೆಂದು ನಂಬುವುದೂ ಬೇಡ. ಓದಿ ಮುಗಿಸಿದ ಮೇಲೆ ಅದು ನಮ್ಮನ್ನು ಯಾವ ಪ್ರಶ್ನೆಯೊಡನೆ ಬಿಟ್ಟುಹೋಯಿತೆಂಬುದನ್ನು ನೋಡಿ ಬೆಲೆ ಕಟ್ಟೋಣ.