ನೀರೋ, ನಂಬುಗೆಯೋ?

ದೀಕ್ಷಾಸ್ನಾನವಿಲ್ಲದವನಿಗೆ ರಕ್ಷಣೆಯೇ ಇಲ್ಲವೆಂದು ವಾದಿಸುವ ಕ್ರೈಸ್ತಬಂಧುಗಳ ಮಾತನ್ನು ನಾವು ಒಪ್ಪಲಾರೆವು. ಅವರಿಗೆ ಆಧಾರ ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯ. ನಂಬಿ ಸ್ನಾನಹೊಂದಿದವನಿಗೆ ರಕ್ಷಣೆಯೆಂದು ಅಲ್ಲಿದೆ, ನಿಜ. ಆದರೆ ದಂಡನೆಯ ಮಾತು ಬಂದಾಗ ಹೇಳಿರುವುದು ನಂಬದವನನ್ನು ಮಾತ್ರ, ಸ್ನಾನವಿಲ್ಲದವನನ್ನಲ್ಲ. ಅರ್ಧವಾಕ್ಯ ಓದಿ ಅರ್ಥ ಹೇಳುವ ಹುಡುಗನಿಂದ ನಾವು ಪಾಠವನ್ನು ಮತ್ತೆ ಓದಿಸುತ್ತೇವಲ್ಲವೆ? ಶಿಲುಬೆಯ ಮೇಲೆ ಅಭಯ ಪಡೆದ ಕಳ್ಳನಿಗೆ ನೀರೆರೆದವರಾರು?

ಪಂಡಿತಾ ರಮಾಬಾಯಿಯವರನ್ನು ನೋಡಿರಿ. 1858ರಲ್ಲಿ ನಮ್ಮ ಕನ್ನಡ ನೆಲದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಆಕೆಗೆ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು. ಅಂದು ದೊರೆತದ್ದು ಕ್ರೈಸ್ತಮತ, ಕ್ರಿಸ್ತನು ದೊರೆತದ್ದು ವರ್ಷಗಳ ತರುವಾಯ ಎಂಬ ಅರ್ಥದಲ್ಲಿ ಆಕೆಯೇ ಬರೆದಿದ್ದಾರೆ. ಆ ನಡುವಣ ವರ್ಷಗಳಲ್ಲಿ ನೀರು ಏನು ಮಾಡುತ್ತಿದ್ದಿತು? ಮರಾಠಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ಕಟ್ಟಿದ ‘ದೇವಾಚಾ ದರಬಾರ’ದಲ್ಲಂತೂ ಸ್ನಾನವಾದವರಿಗೂ ಆಗದವರಿಗೂ ಒಂದೇ ಚಾಪೆ.

ಸ್ನಾನವೇ ಬೇಡವೆನ್ನುವವರ ಪಕ್ಷವೂ ನಮ್ಮದಲ್ಲ. ಕೊರ್ನೇಲ್ಯನ ಮನೆಯಲ್ಲಿ ಪವಿತ್ರಾತ್ಮನು ಇಳಿದ ಮೇಲೆಯೂ ಪೇತ್ರನು ಸ್ನಾನ ಮಾಡಿಸೆಂದನು. ಆದರೆ ಇಳಿದದ್ದು ಮೊದಲು, ನೀರು ಆಮೇಲೆ. ಈ ಕ್ರಮವನ್ನು ತಿರುವುಮುರುವು ಮಾಡುವವರನ್ನು ನಾವು ಕೇಳುವುದಿಷ್ಟೆ: ಸ್ನಾನಕ್ಕೆ ಮೊದಲೇ ತೊಟ್ಟಿಲು ಬರಿದಾದ ತಾಯಿಯ ಮುಂದೆ ಕುಳಿತು ನಿಮ್ಮ ಸಿದ್ಧಾಂತವನ್ನು ಆಡಬಲ್ಲಿರಾ?